ಓದುಗರ ಪ್ರಶ್ನೆ, ಅಕ್ಕನ ಉತ್ತರ: ನನ್ನನ್ನ ನಾನು ಬೆಳೆಸ್ಕೊಳ್ಳೋದು ಸ್ವಾರ್ಥನಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು ಇದ್ವು, ಅದಕ್ಕೆ ಒಟ್ಟಿಗೇ ತಗೊಂಡಿದೀನಿ. ಮೊದಲ್ನೇ ಪತ್ರ ತುಂಬಾ ಉದ್ದ ಇತ್ತು, ಸ್ವಲ್ಪ ಕತ್ತರಿಸಿದೀನಿ, ಬರೆದವರು ಬೇಜಾರ್ ಮಾಡ್ಕೋಬಾರ್ದು.

ಪ್ರಶ್ನೆ: ಅಕ್ಕಾ ನಮಸ್ಕಾರ್ರೀ. ನಾ ರೋಣ ತಾಲ್ಲೂಕಿನವ. ಗದಗಿನ ಜೆ.ಟಿ. ಕಾಲೇಜಿನಾಗ ಬಿ.ಎ. ಮುಗಿಸಿ ಈಗ ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದಾಕತ್ತೀನಿ, ಇದು ಮೂರನೇ ವರ್ಷ. ಮೊದಲ ಬರೇ ಓದು ಇತ್ತು, ಹೋದ ವರ್ಷದಿಂದ ನನ್ನ ನಾ ಸುಧಾರಿಸ್ಕೋಬೇಕು ಅಂತ ಮನಸ್ಸ ಮಾಡೀನಿ. ನಸುಕಿನ್ಯಾಗ ಎದ್ದು ಓಡ್ತೀನಿ, ಧ್ಯಾನ ಮಾಡ್ತೀನಿ, ಇನ್‌ಸ್ಟಾಗ್ರಾಮ್ ತಗದ ಹಾಕೀನಿ, ಡೈರಿ ಬರಿತೀನಿ. ಸಿಟ್ಟು ಕಡಿಮಿ ಆಗೇತಿ, ತಲಿ ನಿಚ್ಚಳ ಆಗೇತಿ. ಆದ್ರ ಊರಿಗೆ ಹೋಗೂದು ಬಿಟ್ಟೀನಿ, ಜಾತ್ರಿಗೂ ಹೋಗ್ಲಿಲ್ಲ. ದೋಸ್ತನ ಅಪ್ಪಗ ಹುಬ್ಬಳ್ಳಿ ಆಸ್ಪತ್ರ್ಯಾಗ ಆಪರೇಷನ್ ಆದಾಗ ಒಂದ್ ರಾತ್ರಿ ಕುಂಡ್ರಾಕ ಬಾ ಅಂತ ಕರದಾ, ನಾ ಟೆಸ್ಟ್ ಸೀರೀಸ್ ಐತಿ ಅಂದೆ. ಅವತ್ತಿಂದ ಅಂವ ಮಾತ ಬಿಟ್ಟಾನ. ನಮ್ಮ ಕಾಕಾನ ಮಗ 'ನೀ ಬರೇ ನಿಂದ ನೋಡ್ಕೊಳ್ಳಾಂವ' ಅಂತ ಎಲ್ಲಾರ ಮುಂದ ಅಂದ. ಮನಿಯೊಳಗ ಅಣ್ಣ ಹೊಲ ಮಾಡ್ತಾನ, ತಿಂಗಳಾ ರೊಕ್ಕ ಅವನ ಕಳಸ್ತಾನ, ಅಂವ ಒಂದ್ ಮಾತೂ ಅನ್ನೂದಿಲ್ಲ. ಬಸವಣ್ಣನವ್ರ 'ಲೋಕದ ಡೊಂಕ ನೀವೇಕೆ ತಿದ್ದುವಿರಿ, ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ' ಅಂತ ಹೇಳ್ಯಾರಲ್ಲ, ನಾ ಅದನ್ನ ಮಾಡಾಕತ್ತೀನಿ. ಇದು ಸ್ವಾರ್ಥ ಹೆಂಗ ಆಕ್ಕೈತಿ? ಆಫೀಸರ್ ಆದಮ್ಯಾಲೆ ಊರಿಗೆ ಮಾಡೂದು ಇದ್ದ ಐತಿ.
– ಹೆಸರು ಬೇಡ, ಧಾರವಾಡ

ಉತ್ತರ: ತಮ್ಮಾ, ಓಡೋದು, ಧ್ಯಾನ ಮಾಡೋದು, ಫೋನ್ ದೂರ ಇಡೋದು, ಇದ್ರಲ್ಲಿ ಯಾವ ಸ್ವಾರ್ಥನೂ ಇಲ್ಲ. ಸಿಟ್ಟು ಕಡಿಮೆ ಆಗಿದೆ ಅಂತ ಬರ್ದಿದೀಯ, ಅದೊಂದೇ ಸಾಕು ನಿನ್ನ ಸುತ್ತ ಇರೋರಿಗೆ ಒಳ್ಳೇದಾಗೋಕೆ. ಜಾತ್ರೆಗೆ ಹೋಗ್ಲಿಲ್ಲ ಅನ್ನೋದಕ್ಕೂ ನಾನು ಏನೂ ಅನ್ನಲ್ಲ, ಜಾತ್ರೆ ಮುಂದಿನ ವರ್ಷನೂ ಬರುತ್ತೆ. ಆದ್ರೆ ಆ ವಚನವನ್ನ ನೀನು ಎಲ್ಲಿ ತಂದು ಇಟ್ಟಿದೀಯ ಅನ್ನೋದ್ರ ಬಗ್ಗೆ ನಂಗೆ ತಕರಾರಿದೆ.

ಆ ವಚನದ ಕೊನೇ ಸಾಲು ನೀನು ಬಿಟ್ಟಿದೀಯ. 'ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ನಮ್ಮ ಕೂಡಲಸಂಗಮದೇವ.' ತಮ್ಮ ಮನೆ ಒಳಗಿನ ಕೊಳೆ ಹಾಗೇ ಬಿಟ್ಟು ಪಕ್ಕದ ಮನೆ ಮುಂದೆ ನಿಂತು ಕಣ್ಣೀರು ಹಾಕೋರಿಗೆ, ಬೇರೆಯವರ ತಪ್ಪು ಎಣಿಸ್ತಾ ಕೂರೋರಿಗೆ ಹೇಳಿದ ಮಾತು ಅದು ಅಂತ ನಾನು ಓದ್ಕೊಂಡಿರೋದು. ಪಕ್ಕದ ಮನೆಗೆ ಹೋಗಲೇಬೇಡ ಅಂತ ಅದ್ರಲ್ಲಿ ಎಲ್ಲೂ ಇಲ್ಲ. ಹೇಳಿದವರಾದ್ರೂ ಯಾರು, ಬಿಜ್ಜಳನ ಭಂಡಾರದ ಲೆಕ್ಕ ನೋಡ್ಕೊಂಡು, ಮಹಾಮನೆಯಲ್ಲಿ ಬಂದೋರಿಗೆಲ್ಲ ಊಟ ಹಾಕಿ, ಜಾತಿ ಮುರಿದು ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಿದವರು. ಅವರು ತಮ್ಮ ಮನಸ್ಸನ್ನೂ ನೋಡ್ಕೊಂಡ್ರು, ಊರನ್ನೂ ನೋಡ್ಕೊಂಡ್ರು, ಮೊದಲು ಇದು ಮುಗೀಲಿ ಆಮೇಲೆ ಅದು ಅಂತ ಕಾಯ್ಲಿಲ್ಲ.

ನಿಂಗೆ ಇನ್ನೂ ಹತ್ತಿರವಾದ ಕಥೆ ಬಸವಣ್ಣನವರ ಕಾಲದ ಶರಣ ಆಯ್ದಕ್ಕಿ ಮಾರಯ್ಯಂದು. ಕಲ್ಯಾಣದ ಬೀದಿಯಲ್ಲಿ ಬಿದ್ದ ಅಕ್ಕಿ ಆರಿಸಿ ತರೋದು ಅವನ ಕಾಯಕ, ಆ ಅಕ್ಕಿಯಿಂದ ಹೆಂಡತಿ ಲಕ್ಕಮ್ಮ ಶರಣರಿಗೆ ದಾಸೋಹ ಮಾಡ್ತಿದ್ಲು. ಒಂದಿನ ಮಾರಯ್ಯ ಶರಣರ ಅನುಭಾವದ ಮಾತು ಕೇಳ್ತಾ ಕೇಳ್ತಾ ಅಲ್ಲೇ ಮೈಮರೆತು ಕೂತ್ಬಿಟ್ಟ. ಎಂಥಾ ಒಳ್ಳೇ ಕೆಲಸ ನೋಡು, ಆತ್ಮ ತಿದ್ದಿಕೊಳ್ಳೋ ಮಾತು ಅದು, ಅದಕ್ಕಿಂತ ದೊಡ್ಡ ಸೆಲ್ಫ್ ಇಂಪ್ರೂವ್‌ಮೆಂಟ್ ಇನ್ನೊಂದಿಲ್ಲ. ಲಕ್ಕಮ್ಮ ಏನ್ ಹೇಳಿದ್ಲು ಗೊತ್ತಾ? 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ' ಅಂದ್ಲು. ನೀನು ಇಲ್ಲಿ ಜ್ಞಾನ ಕೇಳ್ತಾ ಕೂತ್ರೆ ಅಲ್ಲಿ ಅಕ್ಕಿ ಬರ್ತಿಲ್ಲ, ಎದ್ದು ನಡಿ ಅಂತ. ಅದೇ ಲಕ್ಕಮ್ಮ ಇನ್ನೊಂದಿನ ಅವನು ಆಸೆಯಿಂದ ದಿನಕ್ಕಿಂತ ಜಾಸ್ತಿ ಅಕ್ಕಿ ತಂದಾಗ 'ಈಸಕ್ಕಿಯಾಸೆ ನಿಮಗೇಕೆ' ಅಂತ ಕೇಳಿ ವಾಪಸ್ ಕಳಿಸಿದ್ಲು. ನಂಗೆ ಈ ವಿಷಯದಲ್ಲಿ ಲಕ್ಕಮ್ಮನ ಲೆಕ್ಕವೇ ಸರಿ ಅನ್ಸುತ್ತೆ, ಯಾಕಂದ್ರೆ ಅವಳು ಗಂಡ ಕಲಿಯೋದನ್ನ ಬೇಡ ಅನ್ನಲಿಲ್ಲ, ಅವನು ಕಲಿಯೋ ಹೊತ್ತಿಗೆ ಅವನ ಪಾಲಿನ ಕೆಲಸ ಏನಾಯ್ತು ಅಂತ ಕೇಳಿದ್ಲು.

ಅದೇ ಪ್ರಶ್ನೆ ನಾನು ನಿನ್ನ ಕೇಳ್ತೀನಿ. ನೀನು ಬೆಳೆಯೋ ಈ ಮೂರು ವರ್ಷ ನಿನ್ನ ಪಾಲಿನ ಭಾರ ಯಾರು ಹೊತ್ತಿದಾರೆ? ನಿಮ್ಮಣ್ಣ. ಪತ್ರದಲ್ಲಿ ನಿನ್ನ ಡೈರಿ ಬಗ್ಗೆ ಬರ್ದಿದೀಯ, ಧ್ಯಾನದ ಬಗ್ಗೆ ಬರ್ದಿದೀಯ, ಅಣ್ಣನಿಗೆ ಒಂದೇ ಒಂದು ಸಾಲು, ಅದೂ 'ಅಂವ ಒಂದ್ ಮಾತೂ ಅನ್ನೂದಿಲ್ಲ' ಅಂತ. ಅನ್ನದೇ ಇರೋನ ಮನಸ್ಸಲ್ಲಿ ಏನಿದೆ ಅಂತ ಒಂದ್ಸಲ ಕೂತು ಕೇಳಿದೀಯಾ ತಮ್ಮಾ?

ರೂಮ್ ಬಾಡಿಗೆ, ಮೆಸ್, ರೀಡಿಂಗ್ ರೂಮ್ ಫೀಸು, ಟೆಸ್ಟ್ ಸೀರೀಸ್, ಎಲ್ಲಾ ಆ ಹೊಲದಿಂದ ಬರ್ತಿದೆ. ನಿಮ್ಮ ಕಡೆ ಮುಂಗಾರಿಗೆ ಹೆಸರುಕಾಳು, ಹಿಂಗಾರಿಗೆ ಕಡಲೆ ಜೋಳ, ಮಳೆ ಕೈಕೊಟ್ರೆ ಏನೂ ಇಲ್ಲ. ಈಗ ನೋಡು, ಪರೀಕ್ಷೆಗೆ ಅಂತ ನೀನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಾಯಿಪಾಠ ಮಾಡಿರ್ತೀಯ, 2016ರಲ್ಲಿ ಶುರು, ರೈತ ಕಟ್ಟೋದು ವಿಮಾ ಮೊತ್ತದಲ್ಲಿ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5, ಇದನ್ನೆಲ್ಲ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀಯ. ಆದ್ರೆ ನಿಮ್ಮಣ್ಣ ಹೆಸರುಕಾಳು ಬಿತ್ತಿದ ಸರ್ವೆ ನಂಬರಿಗೆ ವಿಮೆ ಅರ್ಜಿಯಲ್ಲೂ ಹೆಸರುಕಾಳು ಅಂತಾನೇ ಬಿದ್ದಿದೆಯಾ, ಬೆಳೆ ಸಮೀಕ್ಷೆ ಆಪ್‌ನಲ್ಲಿ ಏನಂತ ಎಂಟ್ರಿ ಆಗಿದೆ, ಪಹಣಿಯಲ್ಲಿ ಏನಿದೆ, ನೋಡಿದೀಯಾ? ಅರ್ಜಿಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಇದ್ರೆ ಪರಿಹಾರ ಅಲ್ಲೇ ನಿಂತುಬಿಡುತ್ತೆ. ಕೊಯ್ದು ಹೊಲದಲ್ಲಿ ಒಣಗೋಕೆ ಹಾಕಿದ ಬೆಳೆ ಅಕಾಲ ಮಳೆಗೆ ಸಿಕ್ಕಿದ್ರೆ 72 ಗಂಟೆ ಒಳಗೆ ತಿಳಿಸ್ಬೇಕು ಅನ್ನೋದು ನಿಂಗೆ ಒಂದು ಮಾರ್ಕಿನ ಪ್ರಶ್ನೆ, ನಿಮ್ಮಣ್ಣಂಗೆ ಅದು ವರ್ಷದ ಅನ್ನ. ಅವನಿಗೆ ಅದು ಗೊತ್ತಿದೆಯಾ? ಗೊತ್ತಿಲ್ದೇ ಇದ್ರೆ ಇವತ್ತು ರಾತ್ರಿನೇ ಫೋನ್ ಮಾಡಿ ಹೇಳು. ಕಾಗದ ಪತ್ರದ ಫೋಟೋ ವಾಟ್ಸಪ್‌ನಲ್ಲಿ ತರಿಸ್ಕೊಂಡು ನೀನೇ ನೋಡು, ತಪ್ಪಿದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಏನ್ ಕೇಳ್ಬೇಕು ಅಂತ ಬರೆದು ಕೊಡು. ಇದಕ್ಕೆ ತಿಂಗಳಿಗೆ ಒಂದು ಸಂಜೆ ಸಾಕು. ನಿಮ್ಮ ಓಣಿಯಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಇದೇ ಗೋಳು ಇರುತ್ತೆ, ಅಣ್ಣನೇ ಹೋಗಿ ಅವರಿಗೂ ಹೇಳ್ತಾನೆ. ನಿನ್ನ ಓದು ಊರಿಗೆ ಬರೋದು ಅಂದ್ರೆ ಇದು, ಅದಕ್ಕೆ ಆಫೀಸರ್ ಆಗೋವರೆಗೂ ಕಾಯ್ಬೇಕಾಗಿಲ್ಲ.

ಆಫೀಸರ್ ಆದ್ಮೇಲೆ ಅನ್ನೋ ಮಾತಿಗೂ ಬರ್ತೀನಿ, ಬೇಜಾರಾದ್ರೂ ಹೇಳ್ಲೇಬೇಕು. ಹಿಂದಿನ ಸಲ ಈ ಪರೀಕ್ಷೆ ನಡೆಸೋ ಕೆಪಿಎಸ್‌ಸಿ ಕರೆದಿದ್ದು 384 ಹುದ್ದೆ. ಅರ್ಜಿ ಹಾಕಿದೋರು ಲಕ್ಷಕ್ಕೂ ಮೇಲೆ. 2024ರ ಆಗಸ್ಟ್‌ನಲ್ಲಿ ಪ್ರಿಲಿಮ್ಸ್ ಆಯ್ತು, ಕನ್ನಡ ಅನುವಾದದ ತಪ್ಪಿನ ಗಲಾಟೆ ಆಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದ್ರು. ನೀನು ಪಾಸಾಗ್ಬೇಕು, ಆಗ್ತೀಯ ಅಂತಾನೇ ನನ್ನ ಹಾರೈಕೆ, ಆದ್ರೆ ಸಪ್ತಾಪುರದಲ್ಲಿ ನಿನ್ನ ಜೊತೆ ಓದ್ತಿರೋ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಆ ಕುರ್ಚಿ ಸಿಗಲ್ಲ, ಅದು ಅವರ ತಪ್ಪಲ್ಲ, ಲೆಕ್ಕನೇ ಹಾಗಿದೆ. ಮಾಡೋ ಒಳ್ಳೇದನ್ನೆಲ್ಲ ಆ ಕುರ್ಚಿ ಮೇಲೇ ಮೀಸಲಿಟ್ರೆ, ಅಷ್ಟೂ ಜನ ಇಷ್ಟು ವರ್ಷ ಕಷ್ಟಪಟ್ಟು ಕಲಿತಿದ್ದು ಯಾವ ಊರಿಗೂ ತಲುಪಲ್ಲ. ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ದೋಸ್ತನ ವಿಷಯ. ಇದ್ರಲ್ಲಿ ನಾನು ನಿನ್ನ ಪರ ಇಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಆದ ರಾತ್ರಿ ಒಬ್ಬನೇ ಕೂರೋದು ಎಷ್ಟು ಕಷ್ಟ ಅಂತ ಕೂತೋರಿಗೇ ಗೊತ್ತು, ಔಷಧಿ ಚೀಟಿ ಹಿಡ್ಕೊಂಡು ಕೆಳಗೆ ಓಡ್ಬೇಕು ಅಂದ್ರೆ ಮೇಲೆ ಪೇಷಂಟ್ ಹತ್ರ ಯಾರೂ ಇರಲ್ಲ. ಟೆಸ್ಟ್ ಸೀರೀಸ್ ಮಾರನೇ ವಾರನೂ ಇರುತ್ತೆ. ಆ ರಾತ್ರಿ ಮುಗಿದುಹೋಯ್ತು ನಿಜ, ಆದ್ರೂ ಹೋಗು, ಅವರ ಮನೆಗೇ ಹೋಗು, ವಿವರಣೆ ಕೊಡೋಕೆ ಹೋಗ್ಬೇಡ, ಅವರಪ್ಪನ ಪಕ್ಕ ಅರ್ಧ ಗಂಟೆ ಕೂತು ಬಾ.

ಕೊನೇದಾಗಿ ನಿನ್ನ ಕಾಲೇಜಿನ ಮಾತು. ಜೆ.ಟಿ. ಕಾಲೇಜು ಅಂತ ಬರ್ದಿದೀಯಲ್ಲ, ಅದನ್ನ ನಡೆಸೋ ಕೆಎಲ್‌ಇ ಸಂಸ್ಥೆ ಶುರುವಾಗಿದ್ದು 1916ರಲ್ಲಿ ಬೆಳಗಾವಿಯಲ್ಲಿ, ಏಳು ಜನ ಯುವಕರಿಂದ, ಸಪ್ತರ್ಷಿಗಳು ಅಂತಾನೇ ಈಗ್ಲೂ ಕರೀತಾರೆ. ಆಗ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಡಿಗ್ರಿ ಆದೋರನ್ನ ಹುಡುಕ್ಬೇಕಿತ್ತು. ಊರು ಬಿಟ್ಟು ದೂರ ಹೋಗಿ ಓದಿ ಬಂದ ಅಂಥ ಹುಡುಗರಿಗೆ ಸರ್ಕಾರಿ ನೌಕರಿ ಕಷ್ಟ ಏನಿರಲಿಲ್ಲ, ಆರಾಮಾಗಿ ಇರಬಹುದಿತ್ತು. ಅವರು ಓದಿದ್ದು ಸ್ವಾರ್ಥನಾ? ಓದದೇ ಇದ್ದಿದ್ರೆ ಶಾಲೆ ಎಲ್ಲಿಂದ ಬರ್ತಿತ್ತು ಹೇಳು. ಹಾಗಂತ ಬರೀ ಅವರ ಓದಿಂದಾನೂ ಆಗಿದ್ದಲ್ಲ, ಶಿರಸಂಗಿ ಲಿಂಗರಾಜ ದೇಸಾಯಿ ಅಂಥವರು ತಮ್ಮ ಆಸ್ತಿನೇ ಮಕ್ಕಳ ವಿದ್ಯೆಗೆ ಅಂತ ಬರೆದಿಟ್ಟು ಹೋಗಿದ್ರು, 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರ ಹೆಸರೇ ಇಟ್ರು. ಯಾರದೋ ಹೊಲದ ದುಡ್ಡು, ಯಾರದೋ ನಿದ್ದೆಗೆಟ್ಟ ಓದು, ಎರಡೂ ಸೇರಿ ನೀನು ಗದಗಿನಲ್ಲಿ ಬೆಂಚ್ ಮೇಲೆ ಕೂತೆ. ಇದ್ರ ಜೊತೆ ಇನ್ನೊಂದು ಮಾತೂ ಹೇಳಿಬಿಡ್ತೀನಿ, ಸಮಾಜಕ್ಕೆ ಮಾಡ್ತೀನಿ ಅನ್ನೋ ಎಷ್ಟೋ ಜನರಿಗೆ ಸಮಾಜ ಅಂದ್ರೆ ನಮ್ಮ ಜಾತಿಯೋರು ಅಷ್ಟೇ, ಅದೂ ಸ್ವಾರ್ಥನೇ, ಗುಂಪು ದೊಡ್ಡದು ಅಷ್ಟೇ ವ್ಯತ್ಯಾಸ. ಓಣಿಯ ನಾಲ್ಕು ಮನೆ ಅಂದಾಗ ಕೇರಿಯ ಮನೆಗಳನ್ನೂ ಸೇರಿಸ್ಕೋ ತಮ್ಮಾ.

ಪ್ರಶ್ನೆ: ಅಕ್ಕ, ನಾನು ಹೊಸದುರ್ಗದ ಕಡೆಯವಳು, ವಯಸ್ಸು 36. ಪಿಯುಸಿ ಆದ ವರ್ಷನೇ ಮದುವೆ ಮಾಡಿದ್ರು. ಮನೇಲೇ ಟೈಲರಿಂಗ್ ಮಾಡ್ತೀನಿ. ಈಗ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಸೇರಿದೀನಿ. ಅತ್ತೆ 'ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ಬೇಕು, ಬರೀ ನಿನ್ನ ಶೋಕಿ' ಅಂತಾರೆ. ನಮ್ಮೆಜಮಾನ್ರು ಕೆಲಸ ಸಿಗೋ ಹಾಗಿದ್ರೆ ಓದು, ಇಲ್ಲಾಂದ್ರೆ ಫೀಸು ದಂಡ ಅಂತಾರೆ. ನಿಜ ಹೇಳ್ಬೇಕಂದ್ರೆ ನಂಗೆ ಕೆಲಸಕ್ಕೆ ಅಂತ ಏನಿಲ್ಲ, ಚರಿತ್ರೆ ಓದೋಕೆ ಇಷ್ಟ ಅಷ್ಟೇ. 'ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ' ಅಂತ ಹೇಳಿ ಒಪ್ಪಿಸ್ಲಾ? ಅಥವಾ ನಾನೇ ಸ್ವಾರ್ಥಿನಾ?
– ಒಬ್ಬ ಓದುಗಳು, ಚಿತ್ರದುರ್ಗ ಜಿಲ್ಲೆ

ಉತ್ತರ: ತಂಗೀ, ನೀವು ಸ್ವಾರ್ಥಿ ಅಲ್ಲ, ಆ ಗಾದೆ ಹೇಳಿ ಒಪ್ಪಿಸೋಕೂ ಹೋಗ್ಬೇಡಿ. ಗೋಡೆ ಮೇಲೆ ಬರೆಯೋಕೆ ಚೆನ್ನಾಗಿದೆ, ಎಷ್ಟೋ ಅಪ್ಪಂದಿರು ಅದನ್ನ ಓದಿ ಮಗಳನ್ನ ಶಾಲೆಗೆ ಕಳಿಸಿರ್ಬಹುದು, ಅದಕ್ಕೆ ನಂಗೆ ಗೌರವ ಇದೆ. ಆದ್ರೆ ಅದ್ರಲ್ಲೂ ಹೆಣ್ಣು ಕಲೀಬೇಕಾದ್ರೆ ಅದ್ರಿಂದ ಬೇರೆ ಯಾರಿಗೋ ಲಾಭ ಆಗ್ಬೇಕು ಅಂತಾನೇ ಇದೆ, ಮಕ್ಕಳಿಗೆ ಪಾಠ ಹೇಳ್ಕೊಡ್ತಾಳೆ, ಮನೆ ಬೆಳಗ್ತಾಳೆ ಅಂತ. ಗಂಡಸರು ಭಾನುವಾರ ವಾಲಿಬಾಲ್ ಆಡೋಕೆ ಹೋದ್ರೆ, ಸ್ನೇಹಿತರ ಜೊತೆ ಧರ್ಮಸ್ಥಳಕ್ಕೆ ಟೂರ್ ಹೊರಟ್ರೆ ಇದ್ರಿಂದ ಊರಿಗೇನು ಉಪಯೋಗ ಅಂತ ಯಾರೂ ಕೇಳಲ್ಲ. ನಿಮಗೆ ಚರಿತ್ರೆ ಇಷ್ಟ, ಅದಕ್ಕೆ ಓದ್ತೀರ. ಅತ್ತೆಗೂ ಯಜಮಾನರಿಗೂ ಇಷ್ಟೇ ಹೇಳಿ, ಸಾಕು. ದುಡಿಯೋಳು ನೀವು, ಬ್ಲೌಸ್ ಹೊಲಿದ ದುಡ್ಡಲ್ಲಿ ಫೀಸು ಕಟ್ತೀನಿ ಅಂದ್ರೆ ದಂಡ ಅನ್ನೋ ಮಾತೂ ನಿಲ್ಲುತ್ತೆ.

ಇಷ್ಟು ಹೇಳಿದ್ಮೇಲೆ, ನಿಮ್ಮ ಓದಿಗೆ ಸಮರ್ಥನೆ ಅಂತ ತಿಳ್ಕೋಬೇಡಿ, ನಾನು ಕಂಡಿದ್ದನ್ನ ಹೇಳ್ತೀನಿ. 1989ರಲ್ಲಿ ನಮ್ಮ ರಾಜ್ಯದಲ್ಲಿ ಮಹಿಳಾ ಸಮಖ್ಯಾ ಅಂತ ಶುರುವಾಯ್ತು, ಹಳ್ಳಿ ಹಳ್ಳಿಯಲ್ಲಿ ಹೆಣ್ಮಕ್ಕಳು ಸಂಘ ಕಟ್ಟಿ ಕೂತು ಮಾತಾಡೋದು, ತಮಗೆ ಬೇಕಾಗಿದ್ದನ್ನ ತಾವೇ ಕೇಳಿ ಕಲಿಯೋದು. ಆಮೇಲೆ ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘ ಎಲ್ಲಾ ಬಂದ್ವು. ಈ ಸಂಘಗಳಲ್ಲಿ ಓದು ಬರೋ ಒಬ್ಬಳು ಇದ್ದಾಳೋ ಇಲ್ವೋ ಅನ್ನೋದು ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ಸಾಲದ ಕಾರ್ಡು ಕೈಗೆ ತಗೊಂಡು ನೋಡಿದ್ರೆ ಗೊತ್ತಾಗುತ್ತೆ. ಸಣ್ಣ ಅಕ್ಷರ, ವಾರದ ಕಂತು, ಬಡ್ಡಿ, ವಿಮೆ ಅಂತ ಹಿಡ್ಕೊಂಡಿದ್ದೆಷ್ಟು, ಪ್ರೊಸೆಸಿಂಗ್ ಫೀಸು ಎಷ್ಟು, ಕೈಗೆ ಬಂದಿದ್ದೆಷ್ಟು, ಒಬ್ಬಳು ಕಟ್ಟದೇ ಇದ್ರೆ ಉಳಿದವರು ಕಟ್ಬೇಕು ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡಿರೋದು, ಇದನ್ನೆಲ್ಲ ಜೋರಾಗಿ ಓದಿ ಹೇಳೋರು ಬೇಕು. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಡೀಲಾರದೆ ಜನ ಊರು ಬಿಟ್ಟಿದ್ದು, ಜೀವ ಕಳ್ಕೊಂಡಿದ್ದು ನೋಡಿ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆನೇ ತರ್ಬೇಕಾಯ್ತು. ಕಾನೂನು ಬಂತು ಅಂತ ಸಹಿ ಹಾಕೋ ಮುಂಚೆ ಓದೋ ಕೆಲಸ ತಪ್ಪಲ್ಲ. ನೀವು ಚರಿತ್ರೆ ಓದೋಕೆ ಅಂತಾನೇ ಕೂತಿರಿ, ಆದ್ರೆ ದಿನಾ ಓದೋ ಕಣ್ಣಿಗೆ ಇಂಥ ಕಾಗದ ಹೆದರಿಕೆ ಹುಟ್ಟಿಸಲ್ಲ, ಪಕ್ಕದ ಮನೆಯವಳು ಕಾರ್ಡು ಹಿಡ್ಕೊಂಡು ನಿಮ್ಮ ಹತ್ರನೇ ಬರ್ತಾಳೆ, ನೀವು ಕರೆಯೋದೇ ಬೇಡ.

ಒಂದೇ ಒಂದು ಎಚ್ಚರ. ತರಗತಿ ಇರೋ ಭಾನುವಾರ, ಪರೀಕ್ಷೆ ದಿನ, ಅಡುಗೆ ಪಾತ್ರೆ ನೀರು ಯಾರ ತಲೆ ಮೇಲೆ ಬೀಳುತ್ತೆ ಅಂತ ಮೊದಲೇ ನೋಡಿ. ನಿಮ್ಮ ಮನೆಯಲ್ಲಿ ಯಾರ್ಯಾರಿದಾರೆ ಅಂತ ಬರ್ದಿಲ್ಲ, ಮಗಳಿದ್ರೆ ಗ್ಯಾರಂಟಿ ಅವಳ ಮೇಲೇ ಬೀಳುತ್ತೆ, ಅಮ್ಮ ಓದ್ತಾಳೆ ಅಂತ ಮಗಳು ಪುಸ್ತಕ ಮುಚ್ಚಿ ಪಾತ್ರೆ ತೊಳಿಯೋ ಹಾಗೆ ಆಗ್ಬಾರ್ದು. ಯಜಮಾನರು ಅನ್ನ ಸಾರು ಮಾಡೋಕೆ ಕಲೀಲಿ, ಮಗ ಇದ್ರೆ ಅವನೂ ಕಲೀಲಿ. ಅವರಿಗೂ ಅದು ಒಂದು ಬೆಳವಣಿಗೆನೇ.

ಪ್ರಶ್ನೆ: ಮೇಡಂ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಪಬ್ಲಿಕ್ ಸ್ಪೀಕಿಂಗ್, ಲೀಡರ್‌ಶಿಪ್, ಟೈಮ್ ಮ್ಯಾನೇಜ್‌ಮೆಂಟ್ ಅಂತ ಎಷ್ಟೋ ಕೋರ್ಸ್ ಮಾಡಿದೀನಿ. ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಅಂತ ಆಸೆ ಇದೆ, ಆದ್ರೆ ಮೊದಲು ನಾನು ಸರಿಯಾಗಿ ತಯಾರಾಗ್ಬೇಕು, ಅರ್ಧಂಬರ್ಧ ಆಗಿ ಹೋದ್ರೆ ಯಾರಿಗೆ ಉಪಯೋಗ ಅನ್ಸುತ್ತೆ. ಈ ಯೋಚನೆ ಸರೀನಾ?
– ಬೆಂಗಳೂರು

ಉತ್ತರ: ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಹರೇಕಳ ಹಾಜಬ್ಬ ಅವರನ್ನ ನೋಡಿ. ಮಂಗಳೂರಲ್ಲಿ ಬುಟ್ಟಿ ಹಿಡ್ಕೊಂಡು ಕಿತ್ತಳೆ ಮಾರ್ತಿದ್ರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ವಿದೇಶಿ ದಂಪತಿ ಇಂಗ್ಲಿಷಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಹೇಳೋಕಾಗ್ಲಿಲ್ಲ, ನಾಚಿಕೆ ಆಯ್ತು. ಬೇರೆ ಯಾರಾದ್ರೂ ಆಗಿದ್ರೆ ನಾಲ್ಕು ಇಂಗ್ಲಿಷ್ ವಾಕ್ಯ ಕಲಿತು ಸಮಾಧಾನ ಪಟ್ಕೋತಿದ್ರು. ಅವರಿಗೆ ಹೊಳೆದಿದ್ದು ನಮ್ಮೂರ ಮಕ್ಕಳಿಗೆ ಹೀಗಾಗ್ಬಾರ್ದು ಅಂತ. ಅವರೂರು ನ್ಯೂಪಡ್ಪುವಿನಲ್ಲಿ ಶಾಲೆನೇ ಇರಲಿಲ್ಲ, ಕಿತ್ತಳೆ ಮಾರಿದ ದುಡ್ಡಲ್ಲಿ ಉಳಿಸಿ, ಆಫೀಸಿಂದ ಆಫೀಸಿಗೆ ಅಲೆದು, 2000ನೇ ಇಸವಿ ಹೊತ್ತಿಗೆ ಶಾಲೆ ತಂದ್ರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯ್ತು. ಲೀಡರ್‌ಶಿಪ್ ಕೋರ್ಸ್‌ನಲ್ಲಿ ಹೇಳ್ಕೊಡೋ ಧೈರ್ಯ, ಪಟ್ಟು, ಜನರ ಹತ್ರ ಮಾತಾಡೋ ಕಲೆ, ಎಲ್ಲಾ ಅವರಿಗೆ ಆ ಓಡಾಟದಲ್ಲೇ ಬಂತು.

ನಿಮ್ಮ ಕೋರ್ಸ್‌ಗಳು ದಂಡ ಅಂತ ನಾನು ಹೇಳ್ತಿಲ್ಲ, ಕಲಿತಿರೋದು ಸಾಕಷ್ಟಿದೆ. ಮನೆ ಹತ್ರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಹೆಡ್‌ಮಾಸ್ಟರ್‌ನ ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನ ಕಾಣಿ. ಹತ್ತನೇ ಕ್ಲಾಸ್ ಮಕ್ಕಳಿಗೆ ಗಣಿತ ಹೇಳ್ಕೊಡೋಕೆ ಶನಿವಾರ ಒಂದು ಗಂಟೆ ಕೊಡ್ತೀನಿ ಅಂತ ಕೇಳಿ, ಒಪ್ಪಿದ್ರೆ ಜೂನ್‌ನಿಂದ ಮಾರ್ಚ್‌ವರೆಗೂ ಒಂದು ವಾರನೂ ತಪ್ಪಿಸ್ಬೇಡಿ. ಮಧ್ಯದಲ್ಲಿ ಬಿಟ್ಟುಹೋಗೋರನ್ನ ಆ ಮಕ್ಕಳು ತುಂಬಾ ನೋಡಿದಾರೆ, ಅದಕ್ಕೆ ಮೊದಮೊದಲು ಅಷ್ಟಾಗಿ ಮಾತಾಡ್ಸಲ್ಲ, ಅದಕ್ಕೆ ಬೇಜಾರಾಗ್ಬೇಡಿ. ಹೇಗೆ ನಡೀತು ಅಂತ ದೀಪಾವಳಿ ಹೊತ್ತಿಗೆ ನಂಗೊಂದು ಪತ್ರ ಹಾಕಿ.